ಬ್ಯಾಟಜ್ಜನ ತೂಕ

ಪೆಟ್ಟಿಗೆ ಎರಡನೇ ಮಹಡಿಯ ತಿರುವಿನಲ್ಲಿ ಸಿಕ್ಕಿಹಾಕಿಕೊಂಡಿತು. ಮೇಲಿನವರು ಮೇಲಕ್ಕೆ ಎಳೆದರು, ಕೆಳಗಿನವರು ಕೆಳಕ್ಕೆ ಜಗ್ಗಿದರು. ಖಾಲಿ ಪೆಟ್ಟಿಗೆ ಯಾರ ಮಾತಿಗೂ ಸೊಪ್ಪು ಹಾಕದೆ ಸುಣ್ಣದ ಗೋಡೆಗೆ ಮೂಲೆ ಒತ್ತಿಕೊಂಡು ನಿಂತುಬಿಟ್ಟಿತು.

“ಓರೆ ಮಾಡ್ರಪ್ಪಾ, ಸ್ವಲ್ಪ ಓರೆ!”

“ಮಾಡೇ ಇದೀನಲ್ಲ. ಮೊದಲು ನಿಮ್ಮ ಕಡೆ ಎತ್ರಿ.”

“ಇಷ್ಟು ಜನ ಆಟಗಾರರು ಸೇರಿ ಒಂದು ಖಾಲಿ ಪೆಟ್ಟಿಗೆ ಹತ್ತಿಸಕ್ಕಾಗಲ್ವಾ? ನೀವು ಸೋಲೋದ್ರಲ್ಲಿ ಏನು ಆಶ್ಚರ್ಯ!” ಎಂದ ಎರಡನೇ ಮಹಡಿಯ ಹೆಂಗಸು, ಇದು ಸಾವಿನ ಮನೆಯ ಮೆಟ್ಟಿಲು ಎಂಬುದು ನೆನಪಾಗಿ, ನಾಲಿಗೆ ಕಚ್ಚಿಕೊಂಡು ಒಳಗೆ ಹೋದಳು.

ಮೂರನೇ ಮಹಡಿಯ ಕಟಕಟೆ ಹಿಡಿದು ಮಗಳು ನೋಡುತ್ತಿದ್ದಳು. ಅವಳು ಆರು ವರ್ಷದಿಂದ ಬೇರೆ ಊರಿನಲ್ಲಿ ಬಸ್ಸು ಓಡಿಸುವವಳು. ಉದ್ದನೆಯ ವಸ್ತು ಇಕ್ಕಟ್ಟಿನಲ್ಲಿ ಹೇಗೆ ತಿರುಗುತ್ತದೆ ಎಂಬುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

“ಎಳೀಬೇಡಿ. ಎರಡು ಮೆಟ್ಟಿಲು ಹಿಂದಕ್ಕೆ ಇಳೀರಿ. ಹಾಂ, ಈಗ ಹಿಂದಿನವರು ನಿಮ್ಮ ಕಡೆ ತಲೆಗಿಂತ ಮೇಲಕ್ಕೆ ಎತ್ತಿ. ಬನ್ನಿ.”

ಪೆಟ್ಟಿಗೆ ಬಂತು. ಗೋಡೆಯ ಮೇಲೆ ಒಂದು ಉದ್ದನೆಯ ಗೀರು ಉಳಿಯಿತು, ಪೆಟ್ಟಿಗೆಯ ಮೂಲೆಗೆ ಸುಣ್ಣ ಮೆತ್ತಿತು. ಶವ ಸಾಗಿಸುವ ವ್ಯಾನು ನಾಲ್ಕು ಗಂಟೆಗೆ ಬರುವುದಿತ್ತು. ಆಗ ಇನ್ನೂ ಎರಡೂವರೆ.

ಒಳಗೆ ಅಪ್ಪ ಮಂಚದ ಮೇಲೆ ಮಲಗಿದ್ದ. ಮನೆಯೆಂದರೆ ಎರಡು ಕೋಣೆ, ಒಂದು ಅಡುಗೆಮನೆ, ಅದರ ಪಕ್ಕದಲ್ಲಿ ಬಾಗಿಲು ಹಾಕಿದ್ದ ಒಂದು ಪುಟ್ಟ ಕೋಣೆ. ಮೂವತ್ತನಾಲ್ಕು ವರ್ಷ ಅಪ್ಪ ಊರಿನ ಬೇಸ್‌ಬಾಲ್ ತಂಡದ ಸಾಮಾನು ನೋಡಿಕೊಂಡವನು. ಬ್ಯಾಟುಗಳಿಗೆ ಎಣ್ಣೆ ಹಚ್ಚುವುದು, ಕೈಗವಸುಗಳ ದಾರ ಬಿಗಿಯುವುದು, ಒದ್ದೆ ಚೆಂಡುಗಳನ್ನು ಒಣಗಿಸುವುದು ಅವನ ಕೆಲಸ. ತಂಡದಲ್ಲಿ ಎಲ್ಲರಿಗೂ ಅವನು ಬ್ಯಾಟಜ್ಜ. ಗೆಲ್ಲುವ ತಂಡಕ್ಕೆ ಕೆಲಸ ಮಾಡಿದ್ದರೆ ಪತ್ರಿಕೆಯಲ್ಲಿ ಒಂದು ಫೋಟೋ ಆದರೂ ಬರುತ್ತಿತ್ತೇನೋ. ಈ ತಂಡ ಸೋಲುವುದಕ್ಕೇ ಹೆಸರು ಮಾಡಿತ್ತು.

“ಇದ್ದಕ್ಕಿದ್ದ ಹಾಗೆ ಹೋಗಿಬಿಟ್ಟನಲ್ಲೇ,” ಎಂದಳು ಅಪ್ಪನ ತಂಗಿ, ಮಗಳ ಸೋದರತ್ತೆ. ಬೆಳಗಿನಿಂದ ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದಳು. “ಮೊನ್ನೆ ಫೋನಲ್ಲಿ ನಗ್ತಾ ಮಾತಾಡಿದ. ಚೆನ್ನಾಗಿದೀನಿ ಕಣೇ, ತೂಕಾನೂ ಏರಿದೆ ಅಂದ.”

ಮಗಳಿಗೂ ಭಾನುವಾರ ಅದನ್ನೇ ಅಂದಿದ್ದ. ವಾರಕ್ಕೊಮ್ಮೆ, ಎರಡು ನಿಮಿಷದ ಮಾತು. ಅದಕ್ಕಿಂತ ಹೆಚ್ಚು ಮಾತಾಡಿ ಆರು ವರ್ಷವಾಗಿತ್ತು. ಅವಳು ಅಪ್ಪನ ಅಂಗಿಯ ತೋಳಿನೊಳಗಿಂದ ಹೊರಬಂದ ಮಣಿಕಟ್ಟನ್ನು ನೋಡಿದಳು. ಎರಡು ಬೆರಳಿನಲ್ಲಿ ಹಿಡಿಯಬಹುದು ಎನ್ನಿಸಿತು. ಸತ್ತವರು ಸಣ್ಣಗೆ ಕಾಣುತ್ತಾರೆ ಎಂದುಕೊಂಡು ತೋಳನ್ನು ಕೆಳಕ್ಕೆ ಎಳೆದಳು.

ತಂಡದವರು ಗೋಡೆಗೆ ಸಾಲಾಗಿ ಕೂತಿದ್ದರು. ಬಾಗಿಲ ಬಳಿಯ ಕುರ್ಚಿಯಲ್ಲಿ ಎಲ್ಲರೂ ಬಂಡೆ ಎಂದು ಕರೆಯುವವನು ಕೂತಿದ್ದ. ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುತ್ತಿದ್ದ ಹಳೆಯ ಕ್ಯಾಚರ್, ಒಂದು ಕಾಲದಲ್ಲಿ ಅವನನ್ನು ದಾಟಿ ಚೆಂಡು ಹೋಗುತ್ತಿರಲಿಲ್ಲವಂತೆ. ಕುಕ್ಕರುಗಾಲಲ್ಲಿ ಕೂತೂ ಕೂತೂ ಈಗ ಎರಡು ಮಂಡಿಯೂ ಕೈಕೊಟ್ಟಿದ್ದವು. ಅಪ್ಪನ ಗೆಳೆಯ ಎಂದು ಹೇಳಬಹುದಾದವನು ಅವನೊಬ್ಬನೇ.

“ಸತತ ಹತ್ತೊಂಬತ್ತು ಸೋತಿದ್ವಲ್ಲ, ಆ ವರ್ಷ,” ಎಂದ ಬಂಡೆ, ಯಾರೂ ಕೇಳದಿದ್ದರೂ. “ಸೋಲು ಕಳೀಲಿ ಅಂತ ಒಬ್ಬೊಬ್ಬನಿಗೆ ಒಂದೊಂದು ಹುಚ್ಚು. ಚೆಂಡೆಸೆಯೋ ನಮ್ಮ ಪಿಚರ್ ಒಂದೇ ಜೊತೆ ಕಾಲುಚೀಲ ಒಂದು ತಿಂಗಳು ಹಾಕ್ದ. ಬಸ್ಸಲ್ಲಿ ಅವನ ಪಕ್ಕ ಕೂರೋನು ಸೋಲಿಗಿಂತ ಅದಕ್ಕೇ ಹೆಚ್ಚು ಅಳ್ತಿದ್ದ. ಕೋಚು ಎಲ್ಲರನ್ನೂ ಹಿಂದಿನ ಬಾಗಿಲಿಂದ ಬಸ್ ಹತ್ತಿಸಿದ. ಆದ್ರೂ ಸೋತ್ವಿ.”

ಒಬ್ಬಿಬ್ಬರು ನಕ್ಕರು. ನಕ್ಕಿದ್ದಕ್ಕೆ ಮಂಚದ ಕಡೆ ನೋಡಿ ಸುಮ್ಮನಾದರು.

“ಬ್ಯಾಟಜ್ಜ ಮಾತ್ರ ಇವ್ಯಾವುದಕ್ಕೂ ಬರಲಿಲ್ಲ. ಸೋತು ಒಳಗೆ ಬಂದ್ರೆ ಬಾಗಿಲು ಹಾಕೋನು, ಒಬ್ಬೊಬ್ಬರ ಕೈಗೂ ಒಂದು ಬಟ್ಟೆ ಕೊಡೋನು. ಸೋತ ದಿನ ಯಾರೂ ತಮ್ಮ ಬ್ಯಾಟು ತಾವು ಒರೆಸಬಾರದು, ಇನ್ನೊಬ್ಬನದು ಒರೆಸಬೇಕು. ಅದೇ ಅವನ ಕಾನೂನು. ನಾನು ಕೈಬಿಟ್ಟ ಚೆಂಡಿಂದ ಸೋತಿದ್ವಿ ಒಂದು ಸಲ. ನನ್ನ ಬ್ಯಾಟು ಒರೆಸಿದೋನು ಆ ಕಾಲುಚೀಲದ ಪಿಚರ್. ಒರೆಸಿ ಕೈಗೆ ಕೊಟ್ಟ. ಏನಂತ ಬೈತಾನೆ ಅವನು, ಕೈಲಿ ನನ್ನ ಬ್ಯಾಟು ಇಟ್ಕೊಂಡು?”

ಮೂಲೆಯಲ್ಲಿ ನಿಂತಿದ್ದ ಎತ್ತರದ ಆಳು ಮಾತ್ರ ಕೇಳುತ್ತಿರಲಿಲ್ಲ. ಅವನ ಕಣ್ಣು ಬಾಗಿಲು ಹಾಕಿದ ಪುಟ್ಟ ಕೋಣೆಯ ಕಡೆಗೆ ಹೋಗುತ್ತಿತ್ತು, ನಾಚಿ ವಾಪಸು ಬರುತ್ತಿತ್ತು, ಮತ್ತೆ ಹೋಗುತ್ತಿತ್ತು. ಮಗಳು ಅದನ್ನು ನೋಡಿದಳು. ಹೆಣ ಇನ್ನೂ ಮನೆಯಲ್ಲಿರುವಾಗ ಇವನಿಗೆ ಆ ಕೋಣೆಯಲ್ಲೇನು ಕೆಲಸ ಎಂದು ಸಿಟ್ಟು ಬಂತು.

ಅವಳು ಎದ್ದು ಅಡುಗೆಮನೆಗೆ ಹೋದಾಗ ಬಂಡೆ ಕುಂಟುತ್ತಾ ಹಿಂದೆಯೇ ಬಂದ.

“ಮಗಳೇ, ಆ ಮೂಲೇಲಿ ನಿಂತಿರೋನು ಸಿಡಿಲು. ನಮ್ಮ ತಂಡದ ದೊಡ್ಡ ಹೊಡೆತಗಾರ. ಆಗಿದ್ದ, ಅನ್ನು. ಈಗ ನಲವತ್ತನಾಲ್ಕು ಸಲ ಬ್ಯಾಟ್ ಹಿಡಿದು ನಿಂತಿದಾನೆ, ಒಂದು ಹೊಡೆತಾನೂ ಬಿದ್ದಿಲ್ಲ. ಹದಿನೈದು ದಿನದ ಹಿಂದೆ ಬ್ಯಾಟು ತಂದು ನಿಮ್ಮಪ್ಪನ ಕೈಗೆ ಕೊಟ್ಟಿದ್ದಾನೆ.”

“ಕೆರೆದು ಹಗುರ ಮಾಡಿಸಕ್ಕೆ.”

“ಹೂಂ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇಬ್ಬರಿಗೂ ಗೊತ್ತಿತ್ತು. ಆಟಗಾರನೊಬ್ಬ ಇಳಿತಕ್ಕೆ ಬಿದ್ದರೆ, ಹೊಡೆದ ಚೆಂಡೆಲ್ಲ ಯಾರದೋ ಕೈಗೆ ಹೋಗತೊಡಗಿದರೆ, ಬ್ಯಾಟಜ್ಜ ಅವನ ಬ್ಯಾಟನ್ನು ಮನೆಗೆ ತರುತ್ತಿದ್ದ. ನಾಲ್ಕು ದಿನ ಮೊಳೆಗೆ ನೇತುಹಾಕಿ, ಐದನೇ ದಿನ ಅವನನ್ನೇ ಕರೆಸಿ ತೂಕದ ಯಂತ್ರದ ಮೇಲೆ ಇಟ್ಟು ತೋರಿಸುತ್ತಿದ್ದ. ಹದಿನೈದು ಗ್ರಾಂ ಕಡಿಮೆ. ಆಟಗಾರ ಬ್ಯಾಟನ್ನು ಗಾಳಿಯಲ್ಲಿ ಬೀಸಿ, ಹೌದು ಅಜ್ಜ, ಎಷ್ಟು ಹಗುರ ಆಯ್ತು ಎನ್ನುತ್ತಿದ್ದ. ಬ್ಯಾಟಿಗೆ ಉಜ್ಜುಕಾಗದವೇ ಸೋಕಿರುತ್ತಿರಲಿಲ್ಲ. ಯಂತ್ರದ ಪಕ್ಕದಲ್ಲಿ ಮುಳ್ಳನ್ನು ಸೊನ್ನೆಗೆ ಕೂರಿಸುವ ಒಂದು ಸಣ್ಣ ತಿರುಪು ಇತ್ತು. ಅಪ್ಪನ ಹೆಬ್ಬೆರಳು ಅದನ್ನು ಚೂರು ತಿರುಗಿಸಿರುತ್ತಿತ್ತು.

“ನನಗೂ ಮಾಡಿದ್ದ ಕಣಮ್ಮ,” ಎಂದ ಬಂಡೆ. “ನಾನು ಹೊಡೆದೆ. ಮಾರನೇ ದಿನವೇ ಹೊಡೆದೆ. ರಿಟೈರ್ ಆದ ಮೇಲೆ ಹೇಳ್ದ, ಕಳ್ಳ.”

“ಇವರಿಗೆ ಮೂವತ್ತೇಳು ವಯಸ್ಸು ಅಲ್ವಾ ಮಾಮ? ಇದು ಇಳಿತನಾ, ಮುಗಿದಿದ್ದಾ?”

ಬಂಡೆ ನಲ್ಲಿಯಿಂದ ತೊಟ್ಟಿಕ್ಕುವ ನೀರನ್ನೇ ನೋಡಿದ. “ಕಣ್ಣು ಹೋಗಿದೆ. ಚೆಂಡು ಕಾಣೋದೇ ತಡ ಆಗ್ತಿದೆ. ನಾನು ಮೂವತ್ತು ವರ್ಷ ಬ್ಯಾಟರ್‌ಗಳ ಕಾಲ್ಬುಡದಲ್ಲಿ ಕೂತೋನು, ನನಗೆ ಗೊತ್ತಾಗಲ್ವಾ? ಒಂದು ಶಾಲೇಲಿ ಆಟದ ಮೇಷ್ಟ್ರ ಕೆಲಸ ಹೇಳಿಟ್ಟಿದೀನಿ. ನಾಳೆ ಬೆಳಿಗ್ಗೆಯೊಳಗೆ ಹೂಂ ಅನ್ನಬೇಕು, ಇಲ್ಲ ಅಂದ್ರೆ ಬೇರೆಯವರಿಗೆ ಹೋಗತ್ತೆ. ಇವನು, ನಾಳೆ ಸಂಜೆ ಮ್ಯಾಚಿದೆ, ಹಗುರ ಆದ ಬ್ಯಾಟಲ್ಲಿ ಆಡಿ ಆಮೇಲೆ ನೋಡೋಣ ಅಂತಾನೆ. ಹೆಂಡತಿಗೆ ವಿಷಯಾನೇ ಹೇಳಿಲ್ಲ.”

“ಈಗ ನಾನೇನು ಮಾಡಬೇಕು?”

“ಬ್ಯಾಟು ಕೇಳ್ತಾನೆ. ಎಷ್ಟು ಕಡಿಮೆ ಆಗಿದೆ ಅಂತ ಕೇಳ್ತಾನೆ. ನಿಮ್ಮಪ್ಪ ಇದ್ದಿದ್ರೆ ಹದಿನೈದು ಗ್ರಾಂ ಅಂತಿದ್ದ.” ಬಂಡೆ ತಲೆ ಕೆರೆದುಕೊಂಡ. “ಸರಿ ತಪ್ಪು ನನಗೂ ತಿಳೀತಿಲ್ಲ. ಬಾಯಿಬಿಟ್ಟು ಹೇಳೋ ಧೈರ್ಯ ನನಗಿಲ್ಲ. ಅದಕ್ಕೇ ನಿನ್ನ ಹಿಂದೆ ಬಂದೆ.”

* * *

ಆರು ವರ್ಷದ ಹಿಂದೆ ಅವಳು ಬಸ್ಸಿನ ತರಬೇತಿಯಲ್ಲಿದ್ದಳು. ಮೂರು ತಿಂಗಳ ತರಬೇತಿ. ನಡುವೆ ಬಿಟ್ಟು ಹೋದರೆ ಮುಂದಿನ ತಂಡಕ್ಕೆ ಎರಡು ವರ್ಷ ಕಾಯಬೇಕು. ಅಮ್ಮನಿಗೆ ಹೊಟ್ಟೆಯ ಕಾಯಿಲೆ. ಅಪ್ಪ ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದ.

“ಈ ವಾರ ಇನ್ನೂರು ಗ್ರಾಂ ಏರಿದಾಳೆ,” ಎನ್ನುತ್ತಿದ್ದ. ಕ್ಲಬ್ಬಿನವರು ಬಿಸಾಡಿದ್ದ, ಆಟಗಾರರು ನಿಂತು ತೂಗಿಕೊಳ್ಳುವ ಯಂತ್ರವನ್ನು ಅವನು ಮನೆಗೆ ತಂದಿದ್ದ. ವಾರಕ್ಕೊಮ್ಮೆ ಅಮ್ಮನನ್ನು ಕೈಹಿಡಿದು ಅದರ ಮೇಲೆ ನಿಲ್ಲಿಸುತ್ತಿದ್ದ. “ಇದು ಇಳಿತ ಅಷ್ಟೆ, ಪುಟ್ಟಿ. ಹತ್ತರಲ್ಲಿ ಏಳು ಸಲ ಸೋತೋನೂ ನಮ್ಮ ಆಟದಲ್ಲಿ ದೊಡ್ಡ ಆಟಗಾರನೇ. ಮೇಲೆ ಬರ್ತಾಳೆ.”

ಒಂದು ಭಾನುವಾರ ಅವಳಿಗೆ ಯಾಕೋ ಮನಸ್ಸು ತಡೆಯಲಿಲ್ಲ. ಬ್ಯಾಗು ಕಟ್ಟಿ ಮಂಚದ ಮೇಲಿಟ್ಟು ಫೋನ್ ಮಾಡಿದಳು. “ಬಂದುಬಿಡ್ತೀನಿ ಅಪ್ಪ.”

“ಬೇಡ ಬೇಡ. ಈ ವಾರ ಅರ್ಧ ಕೇಜಿ ಏರಿದಾಳೆ! ನಿನ್ನ ಪರೀಕ್ಷೆ ಮುಗಿಸ್ಕೊಂಡು ಬಾ, ಬಸ್ಸಲ್ಲೇ ಅವಳನ್ನ ಕೂರಿಸ್ಕೊಂಡು ಸುತ್ತಿಸುವಂತೆ.”

ಅವಳು ಬ್ಯಾಗು ಬಿಚ್ಚಿದಳು. ಗುರುವಾರ ಅಮ್ಮ ತೀರಿಕೊಂಡಳು. ಮಗಳು ಬರುವಷ್ಟರಲ್ಲಿ ಮುಖಕ್ಕೆ ಬಟ್ಟೆ ಮುಚ್ಚಿದ್ದರು.

ಎಲ್ಲ ಮುಗಿದ ಮೇಲೆ ಅವಳು ಸುಮ್ಮನೆ ಆ ಯಂತ್ರದ ಮೇಲೆ ನಿಂತಳು. ಎರಡು ವಾರದ ಹಿಂದೆ ಡಿಪೋದ ಡಾಕ್ಟರು ಬರೆದುಕೊಂಡಿದ್ದ ತೂಕಕ್ಕಿಂತ ಹದಿನೈದು ಕೇಜಿ ಹೆಚ್ಚು ತೋರಿಸಿತು. ಮೊದಲು ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಯಂತ್ರದಿಂದ ಇಳಿದು ಅಪ್ಪನನ್ನು ಕರೆದಳು.

“ಆ ಮುಳ್ಳು ನೋಡಿದಾಗ ಅವಳ ಮುಖ ಅರಳ್ತಿತ್ತು,” ಎಂದ ಅಪ್ಪ. “ಇಳಿತದಲ್ಲಿರೋರಿಗೆ ನಿಜ ಹೇಳಿದ್ರೆ ಇನ್ನೂ ಇಳೀತಾರೆ.”

“ಅಮ್ಮ ನಿನ್ನ ಬ್ಯಾಟರ್ ಅಲ್ಲ! ನನಗ್ಯಾಕೆ ಹೇಳಲಿಲ್ಲ? ನನಗೆ?”

ಅಪ್ಪ ಎದ್ದು ಪುಟ್ಟ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಅವಳು ಆಮೇಲೆ ಬಹಳ ಯೋಚಿಸಿ ತಾನೇ ಒಂದು ಉತ್ತರ ಮಾಡಿಕೊಂಡಳು. ವಾರವಾರ ತಿರುಪು ತಿರುಗಿಸಿ ತಿರುಗಿಸಿ ಅಪ್ಪ ತನ್ನ ಸುಳ್ಳನ್ನು ತಾನೇ ನಂಬಿಬಿಟ್ಟಿದ್ದ, ಪಾಪ ಅವನಿಗೂ ಗೊತ್ತಿರಲಿಲ್ಲ. ಆ ಒಂದು ಪಾಪ ಎನ್ನಿಸಿದ್ದರಿಂದಲೇ ಭಾನುವಾರದ ಎರಡು ನಿಮಿಷ ಉಳಿದುಕೊಂಡಿತ್ತು.

* * *

ಮೂರೂಕಾಲು ಗಂಟೆಗೆ ಅವಳು ಪುಟ್ಟ ಕೋಣೆಯ ಬಾಗಿಲು ತೆಗೆದಳು. ಎಣ್ಣೆಯ, ಚರ್ಮದ ವಾಸನೆ. ಎರಡು ಯಂತ್ರಗಳೂ ಅಲ್ಲೇ ಇದ್ದವು, ನೆಲದ ಮೇಲಿನದು ದೊಡ್ಡದು, ಮೇಜಿನ ಮೇಲೆ ಬ್ಯಾಟಿನದು. ಗೋಡೆಯ ಮೊಳೆಗಳು ಖಾಲಿ. ಸಿಡಿಲಿನ ಬ್ಯಾಟು ಕಪಾಟಿನಲ್ಲಿರಬೇಕು ಎಂದು ಅದರ ಬಾಗಿಲು ಎಳೆದಳು.

ಬ್ಯಾಟು ಇತ್ತು. ಹಿಡಿಗೆ ಕಟ್ಟಿದ ಚೀಟಿಯಲ್ಲಿ ಅಪ್ಪನ ಅಕ್ಷರ: ಸಿಡಿಲು, 905. ಆದರೆ ಅವಳು ನೋಡಿದ್ದು ಅದನ್ನಲ್ಲ. ಕಪಾಟಿನ ಬಾಗಿಲಿನ ಒಳಮೈಯಲ್ಲಿ ಪೆನ್ಸಿಲಿನಿಂದ ಒಂದರ ಕೆಳಗೊಂದು ಅಂಕಿಗಳನ್ನು ಬರೆದಿತ್ತು. ಪಕ್ಕದಲ್ಲಿ ತಾರೀಕು, ಎಲ್ಲವೂ ಭಾನುವಾರಗಳು. 52. 50.5. 49. 46. ಸಾಲಿನ ತಲೆಯ ಮೇಲೆ ಯಾವ ಹೆಸರೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಕೊನೆಯದು 38.5. ಅವಳು ಬ್ಯಾಗು ಕಟ್ಟಿ ಮತ್ತೆ ಬಿಚ್ಚಿದ ಭಾನುವಾರ ಅದು. ಅರ್ಧ ಕೇಜಿ ಏರಿದಾಳೆ ಎಂದು ಫೋನಿನಲ್ಲಿ ಹೇಳುವ ಮೊದಲೋ ಆಮೇಲೋ, ಅಪ್ಪ ತಿರುಪಿನಿಂದ ಏರಿಸಿದ್ದಷ್ಟನ್ನು ಕಳೆದು, ನಿಜವಾದ ಅಂಕಿಯನ್ನು ಇಲ್ಲಿ ಬರೆದು, ಕಪಾಟಿನ ಬಾಗಿಲು ಹಾಕಿದ್ದ.

ಅವನಿಗೆ ಗೊತ್ತಿತ್ತು. ಪ್ರತಿ ವಾರವೂ, ಅರ್ಧ ಕೇಜಿಯ ತನಕ ಗೊತ್ತಿತ್ತು. ಇಷ್ಟನ್ನೂ ಒಬ್ಬನೇ ಹೊತ್ತುಕೊಂಡು ಓಡಾಡಿದನಲ್ಲ ಎಂದು ಕರುಳು ಚುರುಕ್ಕೆಂದಿತು, ಗೊತ್ತಿದ್ದೂ ನನ್ನನ್ನು ತಡೆದನಲ್ಲ ಎಂದು ಮೈ ಉರಿಯಿತು. ಯಾವುದು ಮೊದಲು ಬಂತೋ ಅವಳಿಗೆ ಹೇಳಲಾಗುತ್ತಿರಲಿಲ್ಲ.

ಬಾಗಿಲನ್ನು ಇನ್ನಷ್ಟು ತೆಗೆದಾಗ ಇನ್ನೊಂದು ಸಾಲು ಕಂಡಿತು. ಇದರ ಪೆನ್ಸಿಲ್ ಗುರುತು ಹೊಸದು. ಕಳೆದ ವರ್ಷದಿಂದ ಶುರುವಾಗಿತ್ತು. 63. 61. 58.5. ಬೆರಳಿಟ್ಟು ಕೆಳಗಿಳಿದಳು. 54. 51. ಕೊನೆಯದು ಹೋದ ಭಾನುವಾರದ್ದು. ಚೆನ್ನಾಗಿದೀನಿ ಪುಟ್ಟಿ, ತೂಕಾನೂ ಏರಿದೆ ಎಂದಿದ್ದ ದಿನ. 47.5.

“ಅಕ್ಕ.”

ಸಿಡಿಲು ಬಾಗಿಲಲ್ಲಿ ನಿಂತಿದ್ದ. ಅವನ ಬೆನ್ನ ಹಿಂದೆ ಬಂಡೆ.

“ಇಂಥಾ ಹೊತ್ತಲ್ಲಿ ಕೇಳಬಾರದು. ನನಗೇ ಅಸಹ್ಯ ಆಗ್ತಿದೆ. ನಾಳೆ ಮ್ಯಾಚಿಲ್ಲದೇ ಇದ್ದಿದ್ರೆ ಖಂಡಿತ ಕೇಳ್ತಿರಲಿಲ್ಲ. ಅಜ್ಜ ಬ್ಯಾಟು ಮುಗಿಸಿದಾರಾ? ಎಷ್ಟು ತೆಗೆದಿದಾರೆ, ಗೊತ್ತಾ?”

ಹದಿನೈದು ಗ್ರಾಂ. ಎರಡೇ ಮಾತು. ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದರೆ ಈ ದೊಡ್ಡ ಆಳಿನ ಮುಖ ಅರಳುತ್ತದೆ, ಅದನ್ನು ಈಗಲೇ ಕಾಣಬಲ್ಲವಳಾಗಿದ್ದಳು. ಅಪ್ಪ ಜೀವನವಿಡೀ ಯಾವುದಕ್ಕೆ ಸೋತಿದ್ದ ಎಂಬುದು ಅವಳಿಗೆ ಆಗ ತಿಳಿಯಿತು.

ಅವಳು ಬ್ಯಾಟನ್ನು ತೆಗೆದು ಮೇಜಿನ ಬಳಿ ಬಂದಳು. ಖಾಲಿ ಯಂತ್ರದ ಮುಳ್ಳು ಸೊನ್ನೆಗಿಂತ ಒಂದು ಕೂದಲೆಳೆ ಕೆಳಗೆ ನಿಂತಿತ್ತು. ಅಪ್ಪ ಸಿದ್ಧಮಾಡಿಯೇ ಇಟ್ಟಿದ್ದ. ಅವಳು ತಿರುಪನ್ನು ಹಿಡಿದು ಮುಳ್ಳನ್ನು ಸೊನ್ನೆಗೆ ತಂದಳು, ಬ್ಯಾಟನ್ನು ಇಟ್ಟಳು.

ಮುಳ್ಳು ಒಂಬೈನೂರ ಐದಕ್ಕೆ ಹೋಗಿ ನಿಂತಿತು.

ಸಿಡಿಲು ಚೀಟಿ ನೋಡಿದ, ಮುಳ್ಳು ನೋಡಿದ. “ಪಾಪ, ಟೈಮ್ ಸಿಕ್ಕಿಲ್ಲ ಅಜ್ಜನಿಗೆ.”

“ಟೈಮಿನ ಮಾತಲ್ಲ. ಅಪ್ಪ ಯಾರ ಬ್ಯಾಟಿಂದಲೂ ಒಂದು ಗ್ರಾಂ ತೆಗೆದಿಲ್ಲ, ಯಾವತ್ತೂ.” ಅವಳು ತಿರುಪನ್ನು ಚೂರು ತಿರುಗಿಸಿದಳು. ಮುಳ್ಳು ಎಂಟುನೂರ ತೊಂಬತ್ತಕ್ಕೆ ಇಳಿಯಿತು. ಮತ್ತೆ ತಿರುಗಿಸಿದಳು, ಏರಿತು. “ಇಷ್ಟೇ ಮಾಡ್ತಿದ್ದಿದ್ದು.”

ಸಿಡಿಲು ಹಿಂದಕ್ಕೆ ತಿರುಗಿ ಬಂಡೆಯನ್ನು ನೋಡಿದ. ಬಂಡೆ ತನ್ನ ಮಂಡಿಗಳನ್ನು ನೋಡಿಕೊಂಡ.

“ಮೂರು ವರ್ಷದ ಹಿಂದೆ ಹೀಗೇ ಆಗಿತ್ತು. ಇವರು ಹಗುರ ಮಾಡಿಕೊಟ್ರು, ಒಂದೇ ವಾರದಲ್ಲಿ ನಾಲ್ಕು ಹೋಮ್ ರನ್ ಹೊಡೆದೆ. ಅದು?”

“ಅದು ನೀವೇ ಹೊಡೆದಿದ್ದು.”

ಅವನ ಮುಖದಲ್ಲಿ ಏನೋ ಏಳಲು ಹೊರಟಿತು, ಅರ್ಧದಲ್ಲೇ ಕುಸಿಯಿತು. ಮೆಲ್ಲಗೆ ಅಂದ: “ಹಾಗಾದ್ರೆ ಈಗ ಹೊಡೆಯಕ್ಕಾಗದೇ ಇರೋನೂ ನಾನೇ.”

ಅವಳು ಅಲ್ಲವೆನ್ನಲಿಲ್ಲ. ಕಪಾಟಿನ ಬಾಗಿಲನ್ನು ಪೂರ್ತಿ ತೆಗೆದು ಅವನ ಕಡೆ ತಿರುಗಿಸಿದಳು.

“ಇದು ನಮ್ಮಮ್ಮ. ಇದು ಅಪ್ಪ. ಎರಡೂ ಸಲ ಅಪ್ಪ ನನಗೆ ಫೋನಲ್ಲಿ ತೂಕ ಏರಿದೆ ಅಂದ್ರು. ಒಂದು ಮಾತು ನಿಜ ಹೇಳಿದ್ರೆ ನಾನು ಬರ್ತಿದ್ದೆ. ಅಮ್ಮ ಉಳೀತಿರಲಿಲ್ಲ, ಅಪ್ಪಾನೂ ಉಳೀತಿರಲಿಲ್ಲವೇನೋ. ಆದ್ರೆ ನಾನು ಬರ್ತಿದ್ದೆ. ಬಂದು ಕೂತಿರ್ತಿದ್ದೆ.” ಕೊನೆಯ ಅಂಕಿಯ ಮೇಲೆ ಬೆರಳಿಟ್ಟಳು. “ಅದಕ್ಕೇ ನಿಮಗೆ ಹೇಳಿದ್ದು. ನಿಮ್ಮನ್ನ ನೋಯಿಸಬೇಕು ಅಂತಲ್ಲ.”

ಬಂಡೆ ಎರಡನೇ ಸಾಲಿನ ಹತ್ತಿರ ಮುಖ ತಂದು ಕಣ್ಣು ಕಿರಿದುಮಾಡಿ ಓದಿದ. “ಅಯ್ಯೋ ಕಳ್ಳ,” ಎಂದ. “ವಾರಕ್ಕೆ ಮೂರು ದಿನ ನನ್ನ ಎದುರಿಗೇ ಕೂತು ಕಾಫಿ ಕುಡೀತಿದ್ದೆಯಲ್ಲೋ.” ಗೋಡೆ ಹಿಡಿದುಕೊಂಡು ಅಲ್ಲೇ ಅತ್ತುಬಿಟ್ಟ, ದೊಡ್ಡ ದನಿಯಲ್ಲಿ.

ಕಿಟಕಿಯ ಪಕ್ಕದ ಮೊಳೆಯಲ್ಲಿ ಬಟ್ಟೆಗಳು ನೇತಾಡುತ್ತಿದ್ದವು, ಹಳೆಯ ಅಂಗಿಗಳಿಂದ ಒಂದೇ ಅಳತೆಗೆ ಕತ್ತರಿಸಿದವು. ಮಗಳು ಒಂದನ್ನು ತೆಗೆದುಕೊಂಡಳು. ಸಿಡಿಲಿನ ಬ್ಯಾಟನ್ನು ಯಂತ್ರದಿಂದ ಎತ್ತಿ, ಹಿಡಿಯಿಂದ ತುದಿಯ ತನಕ ಒರೆಸತೊಡಗಿದಳು. ಅವಳಿಗೆ ಒರೆಸಿ ಅಭ್ಯಾಸವಿರಲಿಲ್ಲ. ಚಿಕ್ಕಂದಿನಲ್ಲಿ ಅಪ್ಪ ಮಾಡುವುದನ್ನು ನೋಡಿದ್ದಳು, ಅಷ್ಟೆ. ಚೆಂಡು ಬಡಿದ ಜಾಗದ ಕಲೆಗಳ ಮೇಲೆ ಎರಡು ಸಲ ಉಜ್ಜಿದಳು. ಒರೆಸಿ ಅವನ ಕೈಗೆ ಕೊಟ್ಟಳು.

ಸಿಡಿಲು ಬ್ಯಾಟನ್ನು ಹಿಡಿದು ನಿಂತ. ಒಂದು ಸಲ ಮಣಿಕಟ್ಟು ತಿರುಗಿಸಿದ, ಬೀಸಲಿಲ್ಲ. ಆಮೇಲೆ ಅದನ್ನು ಖಾಲಿ ಮೊಳೆಗೆ ನೇತುಹಾಕಿದ.

ಕೆಳಗೆ ವ್ಯಾನು ಹಾರ್ನ್ ಮಾಡಿತು.

ಅಪ್ಪನನ್ನು ಪೆಟ್ಟಿಗೆಯಲ್ಲಿ ಮಲಗಿಸಿದ ಮೇಲೆ ಅತ್ತೆ ಕೊನೆಯ ಸಲ ಅವನ ಕೆನ್ನೆ ಮುಟ್ಟಿದಳು, ಮುಚ್ಚಳ ಹಾಕಿದರು. ನಾಲ್ಕು ಜನ ಹೊರಬೇಕು. ಬಂಡೆ ಮುಂದೆ ಬಂದ. “ಮಂಡಿ ಕೈಕೊಟ್ಟರೆ ಮೆಟ್ಟಿಲ ಮೇಲೆ ಎರಡು ಪೆಟ್ಟಿಗೆ ಬೇಕಾಗತ್ತೆ, ನೀವು ಕೂತ್ಕೊಳ್ಳಿ” ಎಂದು ಯಾರೋ ಗದರಿದರು. ಮಗಳು ಅವನ ಜಾಗಕ್ಕೆ ಹೋಗಿ ನಿಂತಳು. ಹೆಂಗಸು ಹೊರುವುದೇ ಎಂದು ಅತ್ತೆ ಬಾಯಿ ತೆರೆದಳು. ಸೋದರಸೊಸೆಯ ಮುಖ ನೋಡಿ ಮುಚ್ಚಿಕೊಂಡಳು.

“ಒಂದು ನಿಮಿಷ,” ಎಂದ ಸಿಡಿಲು.

ಅವನು ಪುಟ್ಟ ಕೋಣೆಗೆ ಹೋಗಿ ಅದೇ ಬಟ್ಟೆಯನ್ನು ತಂದ. ಪೆಟ್ಟಿಗೆಯ ಪಕ್ಕ ಮಂಡಿಯೂರಿ, ಹತ್ತಿಸುವಾಗ ಮೂಲೆಗೆ ಮೆತ್ತಿದ್ದ ಸುಣ್ಣವನ್ನು ಒರೆಸಿದ. ಅಲ್ಲಿಗೆ ನಿಲ್ಲಿಸಲಿಲ್ಲ. ತಲೆಯ ಕಡೆಯಿಂದ ಶುರುಮಾಡಿ ಕಾಲಿನ ಕಡೆಯವರೆಗೆ, ಎರಡು ಬದಿ, ಮುಚ್ಚಳ, ಅಂಚು, ಒಂದು ಅವಸರವಿಲ್ಲದೆ ಒರೆಸಿದ. ಗೋಡೆಗೆ ಕೂತಿದ್ದ ಆಟಗಾರರೆಲ್ಲ ಒಬ್ಬೊಬ್ಬರಾಗಿ ಎದ್ದು ನಿಂತರು. ಕೆಳಗೆ ಎರಡು ಸಲ ಹಾರ್ನ್ ಆಯಿತು, ಯಾರೂ ಅವನಿಗೆ ಬೇಗ ಎನ್ನಲಿಲ್ಲ. ಮುಗಿಸಿ, ಬಟ್ಟೆಯನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡು, ಮುಂದಿನ ಹಿಡಿಕೆಗೆ ಕೈ ಹಾಕಿದ.

ಎತ್ತಿದರು. ಸಿಡಿಲು ಕೆಳಗಿನ ತುದಿಯಲ್ಲಿ, ಮಗಳು ಮೇಲಿನ ತುದಿಯಲ್ಲಿ. ಎರಡನೇ ಮಹಡಿಯ ತಿರುವಿನಲ್ಲಿ ಅವಳು ಏನೂ ಹೇಳಬೇಕಾಗಲಿಲ್ಲ. ಅವನೇ ನಿಂತ, ಎರಡು ಮೆಟ್ಟಿಲು ಹಿಂದಕ್ಕೆ ಹತ್ತಿದ, ತನ್ನ ಕಡೆಯನ್ನು ತಲೆಯ ಮೇಲಕ್ಕೆ ಎತ್ತಿದ. ಪೆಟ್ಟಿಗೆ ಓರೆಯಾಯಿತು. ಒಳಗೆ ಅಪ್ಪ ಅವಳ ಕಡೆಗೆ ಒಂದಿಷ್ಟು ಜಾರಿದ್ದು ಅವಳ ಅಂಗೈಗೆ ತಿಳಿಯಿತು.

“ಅಕ್ಕ, ನಿಮ್ಮ ಕಡೆಗೆ ಭಾರ ಬಿತ್ತಾ?” ಎಂದು ಕೇಳಿದ ಸಿಡಿಲು ಕೆಳಗಿನಿಂದ.

ಅಂಕಿ ಅವಳಿಗೆ ಗೊತ್ತಿತ್ತು, ನಲವತ್ತೇಳೂವರೆ. “ಇಲ್ಲ,” ಎಂದಳು. “ಏನೂ ಭಾರ ಇಲ್ಲ.”

ಅವಳು ಹಿಡಿಕೆಯನ್ನು ಇನ್ನೊಂದು ಕೈಗೆ ಬದಲಿಸಲಿಲ್ಲ. ಗೋಡೆಯ ಮೇಲೆ ಮಧ್ಯಾಹ್ನದ ಗೀರು ಹಾಗೇ ಇತ್ತು. ಪೆಟ್ಟಿಗೆಯ ಮೂಲೆ ಅದಕ್ಕೆ ಎರಡು ಬೆರಳು ಈಚೆಗೆ, ಸುಣ್ಣಕ್ಕೆ ಸೋಕದೆ, ನಿಧಾನವಾಗಿ ತಿರುಗಿ ಕೆಳಗಿಳಿಯಿತು.